ಪಿಕಪ್‌ನ ಕಟಕಟ ಸದ್ದು: ಶಾಕ್ ಬದಲಿಸುವ ಮೊದಲು ಪ್ಲೇಟ್ ನೋಡು

ಅಳಿಯ, ನೀನು ಬೆಳಿಗ್ಗೆ ಗುಂಪಿಗೆ ಹಾಕಿದ ಸದ್ದನ್ನು ಕಿವಿಗೆ ಹಚ್ಚಿ ಮತ್ತೆ ಮತ್ತೆ ಕೇಳಿದೆ. ಇಷ್ಟುದ್ದ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಹೊರಗೆ ಮಳೆ ಜೋರಾಗಿದೆ, ಉಳಿದವರೂ ಸ್ವಲ್ಪ ಸಹಿಸಿಕೊಳ್ಳಿ.

ನಿನ್ನ ದೂರು ಇಷ್ಟು: ಮಲ್ಪೆಯಿಂದ ಮೀನು ಹೊರುವ ಇಸುಜು ಡಿ-ಮ್ಯಾಕ್ಸ್ ಖಾಲಿ ಬರುವಾಗ ಹಿಂದುಗಡೆ ಕಟಕಟ ಎನ್ನುತ್ತದೆ, ಲೋಡ್ ಹಾಕಿದರೆ ಸುಮ್ಮನಾಗುತ್ತದೆ. ಹೊರಡುವಾಗ, ಬ್ರೇಕ್ ಹಿಡಿಯುವಾಗ ಒಂದು ‘ಟಕ್’ ಬೇರೆ. ಗ್ಯಾರೇಜಿನವರು ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸೋಣ ಎಂದರಂತೆ. ಅವಸರದಲ್ಲಿ ಹೂಂ ಎನ್ನಬೇಡ.

ಶಾಕ್ ಹೋಗಿದ್ದರೆ ಹಂಪ್ ದಾಟಿದ ಮೇಲೂ ಗಾಡಿ ತೂಗಾಡುತ್ತದೆ, ಶಾಕ್‌ನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿರುತ್ತದೆ. ಲೋಡ್ ಹಾಕಿದರೆ ಆ ತೂಗಾಟ ಹೆಚ್ಚುತ್ತದೆಯೇ ಹೊರತು ಮಾಯವಾಗುವುದಿಲ್ಲ. ಲೋಡ್‌ಗೆ ಅಡಗುವ ಸದ್ದು ಎಂದರೆ ಎಲ್ಲೋ ಸಡಿಲವಿದೆ, ಭಾರ ಬಿದ್ದಾಗ ಆ ಸಂದು ಒತ್ತಿ ಕೂರುತ್ತದೆ. ನನಗೆ ಮೊದಲ ಅನುಮಾನ ಪ್ಲೇಟ್ ಸೆಟ್‌ನ, ಅಂದರೆ ಹಿಂದಿನ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್‌ನ, ಹಿಂತುದಿಯ ಶ್ಯಾಕಲ್ ಬುಶ್ ಮೇಲೆ. ಶ್ಯಾಕಲ್ ಎಂದರೆ ಆ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ, ಬುಶ್ ಎಂದರೆ ಅದರ ಪಿನ್ ಸುತ್ತಲಿನ ರಬ್ಬರ್ ಬಳೆ. ಹಾರೆಯ ತುದಿಯನ್ನು ಶ್ಯಾಕಲ್ ಮತ್ತು ಪ್ಲೇಟ್‌ನ ನಡುವೆ ಇಟ್ಟು ಮೀಟಿ ನೋಡು. ರಬ್ಬರ್ ಹರಿದು ಪಿನ್ ಕುಣಿಯುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ಶಾಕ್‌ನ ಎರಡು ತುದಿಯ ಬುಶ್‌ಗಳನ್ನೂ ಹಾಗೆಯೇ ಅಲ್ಲಾಡಿಸಿ ನೋಡು. ಅದು ಸವೆದಿದ್ದರೂ ಕಟಕಟ ಬರುತ್ತದೆ, ಆದರೆ ಅಂಗಡಿಯಲ್ಲಿ ಬುಶ್ ಮಾತ್ರ ಸಿಕ್ಕಿದರೆ, ಶಾಕ್ ಬದಲಿಸದೆ ಅಷ್ಟಕ್ಕೇ ಮುಗಿಯುತ್ತದೆ.

ಇದಕ್ಕೂ ಮೊದಲು ಒಂದು ಕೆಲಸ: ಖಾಲಿ ಕ್ರೇಟ್‌ಗಳನ್ನೆಲ್ಲ ಇಳಿಸು, ಹಿಂಬಾಗಿಲಿನ ಕೊಂಡಿಗೆ ಬಟ್ಟೆ ಸುತ್ತು, ಅಡಿಯಲ್ಲಿ ಸರಪಳಿಗೆ ನೇತುಹಾಕಿದ ಸ್ಟೆಪ್ನಿಯನ್ನು ಬಿಗಿ ಮಾಡು, ಜಾಕ್ ಎಲ್ಲಿದೆ ನೋಡು. ಸಸ್ಪೆನ್ಷನ್ ಹೆಸರಿನಲ್ಲಿ ದುಡ್ಡು ಸುರಿದು ಕೊನೆಗೆ ಸ್ಟೆಪ್ನಿಯ ಸದ್ದು ಎಂದು ಗೊತ್ತಾದವರು ನಮ್ಮೂರಲ್ಲೇ ಇದ್ದಾರೆ, ಹೆಸರು ಬೇಡ.

ಆ ‘ಟಕ್’ ಮಾತ್ರ ನನಗೆ ಸರಿ ಕಾಣುವುದಿಲ್ಲ. ಆಕ್ಸಲನ್ನು ಪ್ಲೇಟ್‌ಗಳಿಗೆ ಬಿಗಿದು ಹಿಡಿಯುವುದು ಯು ಬೋಲ್ಟ್. ಅದು ಸಡಿಲವಾದರೆ ಹೊರಡುವಾಗ, ನಿಲ್ಲುವಾಗ ಆಕ್ಸಲ್ ಜರಗುತ್ತದೆ. ಎಲ್ಲ ಪ್ಲೇಟ್‌ಗಳನ್ನು ಪೋಣಿಸಿದ ಸೆಂಟರ್ ಬೋಲ್ಟ್ ಮೇಲೆ ಏಟು ಬಿದ್ದು ಅದು ತುಂಡಾದರೆ ಹಿಂದಿನ ಚಕ್ರಗಳೇ ಓರೆಯಾಗುತ್ತವೆ. ನಟ್‌ನ ಸುತ್ತ ಕೆಂಪು ತುಕ್ಕಿನ ಪುಡಿ, ಆಕ್ಸಲ್ ಕೂರುವಲ್ಲಿ ಹೊಳೆಯುವ ಉಜ್ಜಿದ ಗುರುತು ಕಂಡರೆ ಮತ್ತೆ ಲೋಡ್ ಹಾಕಬೇಡ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ಅಂದರೆ ಅದರ ಕೀಲು, ಸವೆದರೂ ಇಂಥದೇ ‘ಟಕ್’ ಬರುತ್ತದೆ. ಗಾಡಿ ನಿಲ್ಲಿಸಿ, ಚಕ್ರಕ್ಕೆ ಅಡ್ಡೆ ಕೊಟ್ಟು, ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿ ಕ್ರಾಸ್‌ನಲ್ಲಿ ಆಟ ಇದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಯು ಬೋಲ್ಟ್ ಬಿಚ್ಚಿದರೆ ಹಳೆಯದನ್ನೇ ಮತ್ತೆ ಹಾಕಿಸಬೇಡ. ಹೊಸದು ಹಾಕಿ, ಒಂದೊಂದೇ ನಟ್ಟನ್ನು ಪೂರ್ತಿ ಬಿಗಿಯದೆ, ಎದುರುಬದುರಾಗಿ ಸುತ್ತು ಸುತ್ತಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿಯಲಿ. ಲೋಡ್‌ನಲ್ಲಿ ಸ್ವಲ್ಪ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಲೇಬೇಕು. ಶ್ಯಾಕಲ್ ಬುಶ್ ವಿಷಯದಲ್ಲಿ ಹಲವರು ತಪ್ಪುವುದು ಇಲ್ಲಿ: ಗಾಡಿ ಜಾಕ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಪಿನ್ ಬಿಗಿದುಬಿಡುತ್ತಾರೆ. ಗಾಡಿ ಇಳಿದಾಗ ಒಳಗಿನ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗಲೇ ಕೊನೆಯ ಬಿಗಿತ ಆಗಬೇಕು. ಎದುರು ನಿಂತು ಮಾಡಿಸು.

ಭಾವ ಗುಂಪಿನಲ್ಲಿ ‘ಎಲ್ಲದಕ್ಕೂ ಗ್ರೀಸ್ ಬಳಿ, ಸರಿಯಾಗುತ್ತದೆ’ ಎಂದಿದ್ದಾರೆ. ಭಾವ, ಬೇಸರ ಮಾಡಿಕೊಳ್ಳಬೇಡಿ, ರಬ್ಬರ್ ಬುಶ್‌ಗೆ ಗ್ರೀಸ್ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ರಬ್ಬರ್‌ಗೆ ಸಿಲಿಕೋನ್ ಸ್ಪ್ರೇ ಸಾಕು. ಕಿರ್‌ಕಿರ್ ಎಂದರೆ ಮಾತ್ರ ಪ್ಲೇಟ್‌ಗಳ ತುದಿಯಲ್ಲಿರುವ ಪ್ಯಾಡ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದು ತಿಳಿಯಬೇಕು. ಆಗ ಪ್ಯಾಡ್ ಬದಲಿಸಬೇಕು.

ಇದೆಲ್ಲದರ ಮೂಲ ಮೀನಿನ ನೀರು. ಐಸ್ ಕರಗಿ ಉಪ್ಪುನೀರು ಸೋರಿ ನೇರವಾಗಿ ಪ್ಲೇಟ್ ಮತ್ತು ಯು ಬೋಲ್ಟ್ ಮೇಲೆ ಬೀಳುತ್ತದೆ. ಪ್ಲೇಟ್‌ಗಳ ಸಂದಿನಲ್ಲಿ ತುಕ್ಕು ಬೆಳೆದು ಕಡೆಗೆ ಒಂದು ಪ್ಲೇಟ್ ಸೀಳುತ್ತದೆ. ಆ ಸೀಳು ಕೆಸರಿನಡಿ ಕಾಣುವುದಿಲ್ಲ. ಹಾಗಾಗಿ ನೋಡುವ ಮೊದಲು ಸಿಹಿನೀರಿನಲ್ಲಿ ಅಡಿ ತೊಳೆ. ಹೇಗೂ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ಗಾಡಿಗೂ ಬಿಡುವಿದೆ. ಪ್ಲೇಟ್ ಸೆಟ್ ಬಿಚ್ಚಿಸಿ, ತುಕ್ಕು ಉಜ್ಜಿ ಪೇಂಟ್ ಮಾಡಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಗಾಡಿಯ ಮುಂದುಗಡೆ ಪ್ಲೇಟ್ ಅಲ್ಲ, ಕಾಯಿಲ್ ಸ್ಪ್ರಿಂಗ್. ಅಲ್ಲಿ ನಿನಗೆ ಸದ್ದಿಲ್ಲ, ಆ ಮಾತು ಈಗ ಬೇಡ.

ಇನ್ನೊಂದು ಮಾತು, ನಿನ್ನ ಅಮ್ಮ ಕೇಳುತ್ತಿದ್ದಾಳೆ ಎಂದೇ ಹೇಳುತ್ತಿದ್ದೇನೆ. ಬರಿ ಜಾಕ್ ನಂಬಿ ಗಾಡಿಯ ಅಡಿಗೆ ನುಸುಳಬೇಡ. ಅಂಗಳದಲ್ಲಿ ಬಿದ್ದಿರುವ ಮುರಕಲ್ಲನ್ನು ಆಧಾರವಾಗಿ ಇಡುವುದಂತೂ ಬೇಡವೇ ಬೇಡ, ಭಾರಕ್ಕೆ ಒಡೆದು ಹೋಗುತ್ತದೆ. ಜಾಕ್ ಸ್ಟ್ಯಾಂಡ್ ನನ್ನ ಹತ್ತಿರ ಇದೆ, ಬಂದು ತೆಗೆದುಕೊಂಡು ಹೋಗು. ಶ್ಯಾಕಲ್‌ನ ಮತ್ತು ಯು ಬೋಲ್ಟ್‌ನ ಫೋಟೊ ತೆಗೆದು ಹಾಕು, ಎರಡೂ ಬದಿಯದು. ನೋಡಿ ಹೇಳುತ್ತೇನೆ.