ಅಪ್‌ಡೇಟ್: ತೂಗುಚೆಂಡಿನ ಕಂಬ ಈಗ ವಾಲುತ್ತಿಲ್ಲ

ಕ್ರಿಕೆಟ್ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡನ್ನು ಹಗ್ಗದಲ್ಲಿ ತೂಗುಬಿಡಲು ಗದಗಿನ ಎರೆ (ಕಪ್ಪು) ಮಣ್ಣಿನಲ್ಲಿ ನೆಟ್ಟ ಕಂಬಗಳು ವಾಲುತ್ತವೆ, ತೂಗುಚೆಂಡು ಹೊಡೆದಾಗಲೆಲ್ಲ ಅಡ್ಡಾದಿಡ್ಡಿ ತಿರುಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಎರಡೂ ಸರಿಯಾದವು, ಉತ್ತರಿಸಿದವರಿಗೆಲ್ಲ ಧನ್ಯವಾದ ರೀ.

ಕಂಬದ್ದು ಮಣ್ಣಿನ ಕಾಟವೇ. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಒಂದೂವರೆ ಅಡಿ ಕುಣಿ ಯಾತಕ್ಕೂ ಸಾಲದು. ಮೂರು ಅಡಿ ತೋಡಿ, ತಳಕ್ಕೆ ಅರ್ಧ ಅಡಿ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ ಬಡಿದು, 2 ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿದೆ. ತೆಗೆದ ಎರೆ ಮಣ್ಣನ್ನು ಮತ್ತೆ ಅದೇ ಕುಣಿಗೆ ಹಾಕಬಾರದು. ಏಳು ದಿನ ನೀರು ಹಾಕಿದ ಮೇಲೆಯೇ ಚೆಂಡು ಕಟ್ಟಿದ್ದು.

ಚೆಂಡು ತಿರುಗಲು ಕಾರಣ, ಅದನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದು. ಕಂಬಗಳ ತುದಿಗೆ ಕೂಡಿಸಿದ ಅಡ್ಡ ಪೈಪಿನ ಮೇಲೆ ಮೂರು ಅಡಿ ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಕೆಳಗೆ ಚೆಂಡಿನ ಬಳಿ ಕೂಡಿಸಿದರೆ ಅದು ಬೌಲರ್ ದಿಕ್ಕಿಗಷ್ಟೇ ನೇರವಾಗಿ ತೂಗುತ್ತದೆ. ಬ್ಯಾಟು ಅಡ್ಡ ಬಂದರೆ ಚೆಂಡು ನಡುಗಿ ಕೂಡಲೇ ಚಾಡಿ ಹೇಳುತ್ತದೆ! ಬ್ಯಾಟನ್ನು ಅಡ್ಡ ಬೀಸುವ ಪುಲ್, ಕಟ್ ಹೊಡೆತಗಳಿಗೆ ಮಾತ್ರ ಇದು ಬೇಡ.

ಚೆಂಡಿಗೆ ತೂತು ಕೊರೆದು ಕೊಕ್ಕೆ ಹಾಕಬೇಡಿ, ಕಿತ್ತು ಮುಖಕ್ಕೆ ಬರುತ್ತದೆ. ನೈಲಾನ್ ಕಾಲುಚೀಲದಲ್ಲಿ ಹಾಕಿ ಗಂಟು ಬಿಗಿಯಿರಿ, ಚೀಲ ಸವೆದಿದೆಯೇ ಎಂದು ದಿನಾ ನೋಡಿ. ಡ್ರೈವ್‌ಗೆ (ನೇರ ಬ್ಯಾಟಿನಿಂದ ಮುಂದಕ್ಕೆ ಹೊಡೆಯುವ ಹೊಡೆತಕ್ಕೆ) ಚೆಂಡು ಮೊಣಕಾಲಿಗಿಂತ ಕೆಳಗಿರಲಿ.