ಅಪ್‌ಡೇಟ್: ಮಡಿಕೇರಿ ಪಿನ್‌ಕೋಡ್ ಅವಿಭಾಜ್ಯವೇ!

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಮಡಿಕೇರಿಯ ಪಿನ್‌ಕೋಡ್ 571201 ಅವಿಭಾಜ್ಯ ಸಂಖ್ಯೆಯಾ (ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದಾ) ಅಂತ? ಹೌದು, ಅವಿಭಾಜ್ಯವೇ. ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ ಅಂದವರಿಗೆ ಥ್ಯಾಂಕ್ಸ್. ಆದರೆ ಈ ಮಳೆಗೆ ಎರಡು ದಿನ ಕರೆಂಟೇ ಇರಲಿಲ್ಲ. ನಾನೂ ಮಗಳೂ ಪೆನ್ನು ಹಿಡಿದೇ ಕೂತೆವು.

ಇದರ ವರ್ಗಮೂಲ 755ಕ್ಕಿಂತ ಚೂರು ಹೆಚ್ಚು. ಹಾಗಾಗಿ 751ರವರೆಗಿನ 133 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. (ಸಾಕು ಅಂತ ಬರೆಯೋದು ಸುಲಭ!) 571200 ಅಂದರೆ 4800 × 119, ಈ 119 ಅಂದರೆ 7 × 17. ಆದ್ದರಿಂದ 2, 3, 5, 7, 17 ಐದೂ ಒಂದೇ ಏಟಿಗೆ ಹೋದವು, ಎಲ್ಲಕ್ಕೂ ಶೇಷ 1. ಆಟ ಆಡಿಸಿದ್ದು 89: 89 × 6418 = 571202. ಒಂದೇ ಒಂದು ಜಾಸ್ತಿ! ಮಗಳು ಮೂರು ಸಲ ಗುಣಿಸಿ ನೋಡಿದಳು.

4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ. ಗಣಿತಜ್ಞ ಫರ್ಮಾ ಹೇಳಿ, ಆಮೇಲೆ ಗಣಿತಜ್ಞ ಆಯ್ಲರ್ ಸಾಧಿಸಿದ್ದು. 571201ಕ್ಕೂ 4ರಿಂದ ಶೇಷ 1 ತಾನೇ, ಹುಡುಕಿದೆವು, ಸಿಕ್ಕಿತು: 735² + 176², ಅಂದರೆ 540225 + 30976. ನನಗಂತೂ ಅವಿಭಾಜ್ಯ ಅನ್ನೋದಕ್ಕಿಂತ ಇದೇ ಹೆಚ್ಚು ಖುಷಿ ಕೊಟ್ಟಿತು.

ವಿರಾಜಪೇಟೆಯ ಭಾವ ತಮ್ಮ 571218 ಏನಾಯ್ತು ಅಂತ ಫೋನ್ ಮಾಡಿದ್ದರು. ಭಾವ, ಅದು ಸಮಸಂಖ್ಯೆ, 3ರಿಂದಲೂ ಭಾಗವಾಗುತ್ತೆ. ಬಿಟ್ಟುಬಿಡಿ.