ಹೊಸ 4 ಟಿಬಿ ಹಾರ್ಡ್ ಡಿಸ್ಕ್ ಇನಿಶಿಯಲೈಸ್ ಆಗ್ತಿಲ್ಲ, ಐ/ಓ ಎರರ್ ಬರ್ತಿದೆ

ಸೊನ್ನೆಸೆಕ್ಟರ್:
ವಿಂಡೋಸ್ 11 ಡೆಸ್ಕ್‌ಟಾಪ್‌ಗೆ 3.5 ಇಂಚಿನ ಹೊಸ ಸಾಟಾ ಡಿಸ್ಕ್ ಹಾಕಿದೀನಿ. ಬಯಾಸ್‌ನಲ್ಲಿ ಮಾಡೆಲ್ ನಂಬರ್ ಸಮೇತ ಕಾಣುತ್ತೆ, ತಿರುಗೋ ಸದ್ದೂ ಇದೆ. ಆದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ "ಅನ್‌ನೋನ್, ನಾಟ್ ಇನಿಶಿಯಲೈಸ್ಡ್". ಜಿಪಿಟಿ (ಪಾರ್ಟಿಶನ್ ಟೇಬಲ್‌ನ ಹೊಸ ಮಾದರಿ) ಆರಿಸಿ ಓಕೆ ಒತ್ತಿದ್ರೆ ಸ್ವಲ್ಪ ಹೊತ್ತು ಹಾಗೇ ನಿಂತು ಐ/ಓ ಡಿವೈಸ್ ಎರರ್ ಅನ್ನುತ್ತೆ. ಹಳೇ ಮಾದರಿ ಎಂಬಿಆರ್‌ಗೂ ಅದೇ ಗತಿ. ವಿಂಡೋಸ್‌ನ ಕಮಾಂಡ್ ಟೂಲ್ ಡಿಸ್ಕ್‌ಪಾರ್ಟ್‌ನಲ್ಲಿ ಪಾರ್ಟಿಶನ್ ಮಾಹಿತಿ ಅಳಿಸೋ ಕ್ಲೀನ್ ಕಮಾಂಡ್ ಕೊಟ್ಟೂ ನೋಡ್ದೆ. ವಾಪಸ್ ಕಳಿಸೋ ಮುಂಚೆ ಇನ್ನೇನು ನೋಡಬೇಕು?

ತಿರುಪುಳಿ:
ಕ್ಲೀನ್ ಪದೇ ಪದೇ ಕೊಟ್ಟು ಪ್ರಯೋಜನ ಇಲ್ಲ. ಇನಿಶಿಯಲೈಸ್ ಅಂದ್ರೆ ಡಿಸ್ಕಿನ ಮೊದಲ ಕೆಲವು ಸೆಕ್ಟರ್‌ಗಳಲ್ಲಿ (ಡೇಟಾ ಇಡೋ ಚಿಕ್ಕ ತುಂಡುಗಳು) ಪಾರ್ಟಿಶನ್ ಟೇಬಲ್, ಅಂದ್ರೆ ಡಿಸ್ಕ್ ಹೇಗೆ ಭಾಗ ಆಗಿದೆ ಅನ್ನೋ ಪಟ್ಟಿ, ಬರೆದು, ಜಿಪಿಟಿ ಆದ್ರೆ ಅದರ ನಕಲನ್ನ ಕಟ್ಟಕಡೆಯ ಸೆಕ್ಟರ್‌ಗಳಲ್ಲಿ ಇಡೋದು, ಅಷ್ಟೇ. ಅಷ್ಟೂ ಬರೆಯೋಕೆ ಆಗ್ತಿಲ್ಲ ಅಂದ್ರೆ ಒಂದೋ ಡಿಸ್ಕ್‌ವರೆಗಿನ ದಾರಿ (ಕೇಬಲ್, ಪೋರ್ಟ್, ಕಂಟ್ರೋಲರ್) ಕೆಟ್ಟಿದೆ, ಇಲ್ಲ ಡಿಸ್ಕೇ ಕೆಟ್ಟಿದೆ.

ಮೊದಲು ಅಲ್ಲಿ ತೋರಿಸ್ತಿರೋ ಸೈಜ್ ಹೇಳಿ. 3726 ಜಿಬಿ ಇದ್ರೆ ಸರಿ, ವಿಂಡೋಸ್ ಲೆಕ್ಕದಲ್ಲಿ 4 ಟಿಬಿ ಅಂದ್ರೆ ಅಷ್ಟೇ. 1678 ಜಿಬಿ ಆಸುಪಾಸು ಇದ್ರೆ ನಡುವೆ ಇರೋ ಹಳೇ ಕಂಟ್ರೋಲರ್, ಡ್ರೈವರ್ ಅಥವಾ ಯುಎಸ್‌ಬಿ ಡಾಕ್ 32 ಬಿಟ್ ವಿಳಾಸಕ್ಕೇ ನಿಂತುಬಿಟ್ಟಿದೆ, ಮೊದಲ 2048 ಜಿಬಿ ಲೆಕ್ಕದಿಂದ ಹಾರಿಹೋಗಿದೆ ಅಂತ ಅರ್ಥ. ಸೈಜೇ ಇಲ್ಲ ಅಥವಾ ಸೊನ್ನೆ ಅಂದ್ರೆ ಹೆಚ್ಚು ತಲೆ ಕೆಡಿಸಿಕೊಳ್ಳದೆ ವಾಪಸ್ ಕಳಿಸಿ.

ಬೈಟ್‌ಬಡಿಗ:
ನನ್ನ ಅನುಮಾನ ಡೇಟಾ ಕೇಬಲ್ ಮೇಲೆ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ತೆರೆದು ಸಿ7 ಸಾಲು (ಸಿಆರ್‌ಸಿ ಎರರ್ ಎಣಿಕೆ) ನೋಡಿ. ಕಂಟ್ರೋಲರ್‌ಗೂ ಡಿಸ್ಕ್‌ಗೂ ಮಧ್ಯೆ ಡೇಟಾ ಕೆಟ್ಟಾಗೆಲ್ಲ ಈ ಎಣಿಕೆ ಏರುತ್ತೆ. ಒಂದು ಸಲ ಏರಿದ್ದು ಇಳಿಯಲ್ಲ, ಅದಕ್ಕೇ ಈಗಿನ ಅಂಕಿ ಬರೆದಿಟ್ಟುಕೊಳ್ಳಿ. ಕಚ್ಚಾ ಅಂಕಿ ಹೆಕ್ಸ್‌ನಲ್ಲಿ ಇರುತ್ತೆ, ಗಾಬರಿ ಬೇಡ.

ಆಮೇಲೆ ಪವರ್ ಪೂರ್ತಿ ತೆಗೆದು, ಕ್ಲಿಪ್ ಇರೋ ಬೇರೆ ಸಾಟಾ ಕೇಬಲ್ ಹಾಕಿ, ಮದರ್‌ಬೋರ್ಡಿನ ಬೇರೆ ಪೋರ್ಟ್‌ಗೆ ಕೊಡಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದ್ರೆ ಒಂದೆರಡು ಸಾಟಾ ಪೋರ್ಟ್ ಸತ್ತಿರುತ್ತೆ, ಮ್ಯಾನುಯಲ್ ನೋಡಿ. ಪವರ್‌ಗೆ ಸ್ಪ್ಲಿಟರ್ ಇದ್ರೆ ತೆಗೆದು ಎಸ್‌ಎಂಪಿಎಸ್‌ನಿಂದ ನೇರ ಕೊಡಿ. ತಿರುಗಲು ಶುರುವಾಗೋ ಹೊತ್ತಲ್ಲಿ 12 ವೋಲ್ಟ್ ಲೈನ್ ಮೇಲೆ ಜಾಸ್ತಿ ಎಳೆತ ಇರುತ್ತೆ.

05, ಸಿ5, ಸಿ6 (ಕೆಟ್ಟ ಅಥವಾ ಕೆಟ್ಟಿರೋ ಅನುಮಾನದ ಸೆಕ್ಟರ್‌ಗಳ ಎಣಿಕೆ) ಈ ಮೂರರಲ್ಲಿ ಯಾವುದಾದ್ರೂ ಸೊನ್ನೆ ಬಿಟ್ಟು ಬೇರೆ ಇದ್ರೆ ಕೇಬಲ್ ಆಟ ಬೇಡ. ಹೊಸ ಡಿಸ್ಕಲ್ಲಿ ಅದನ್ನ ಒಪ್ಪಬಾರದು.

ಪಿನ್‌ಮೂರು:
ಇದೇ ತೊಂದರೆ ಹುಡುಕಿ ಬಂದವರಿಗೆ: ಡಿಸ್ಕ್ ತಿರುಗ್ತಾನೇ ಇಲ್ಲ, ಬಯಾಸ್‌ನಲ್ಲೂ ಕಾಣಲ್ಲ ಅಂದ್ರೆ ಅದು ಬೇರೆ ರೋಗ. ಎಕ್ಸ್‌ಟರ್ನಲ್ ಡಬ್ಬಿಯಿಂದ ಬಿಚ್ಚಿದ ಡಿಸ್ಕ್‌ಗಳಲ್ಲಿ, ಸರ್ವರ್ ಡಿಸ್ಕ್‌ಗಳಲ್ಲಿ ಪವರ್ ಕನೆಕ್ಟರಿನ 3ನೇ ಪಿನ್‌ಗೆ 3.3 ವೋಲ್ಟ್ ಬಂದ್ರೆ ಡಿಸ್ಕ್ ಆಫ್ ಆಗೋ ವ್ಯವಸ್ಥೆ ಇರಬಹುದು. ಆ ಪಿನ್‌ಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯದ, ಶಾಖ ತಡೆಯೋ ಟೇಪ್) ಅಂಟಿಸಿ, ಇಲ್ಲ 3.3 ವೋಲ್ಟ್ ಇಲ್ಲದ ಮೋಲೆಕ್ಸ್ (ಹಳೇ ನಾಲ್ಕು ಪಿನ್ನಿನ ಪವರ್ ಪ್ಲಗ್) ಅಡಾಪ್ಟರ್ ಬಳಸಿ. ಅಗ್ಗದ, ಒತ್ತಿ ಎರಕ ಹೊಯ್ದ ಮೋಲೆಕ್ಸ್ ಅಡಾಪ್ಟರ್ ಬೇಡ, ಒಳಗೆ ಶಾರ್ಟ್ ಆಗಿ ಸುಟ್ಟುಹೋಗಬಹುದು.

ಸೊನ್ನೆಸೆಕ್ಟರ್:
ಸೈಜ್ 3726 ಇತ್ತು, 05, ಸಿ5, ಸಿ6 ಸೊನ್ನೆ. ಸಿ7 ಮಾತ್ರ ಪ್ರತಿ ಪ್ರಯತ್ನಕ್ಕೂ ಏರ್ತಿತ್ತು. ಕೇಬಲ್ ಬದಲಿಸಿದ ತಕ್ಷಣ ಜಿಪಿಟಿ ಆಯ್ತು, ಸಿ7 ಅಲ್ಲೇ ನಿಂತಿದೆ. ಈಗಲೇ ಫೈಲ್ ತುಂಬಬಹುದಾ?

ತಿರುಪುಳಿ:
ತಡೀರಿ. ಫಾರ್ಮ್ಯಾಟ್ ಮಾಡುವಾಗ "ಕ್ವಿಕ್" ಟಿಕ್ ತೆಗೀರಿ. ಆಗ ವಿಂಡೋಸ್ ಡಿಸ್ಕ್ ತುಂಬಾ ಸೊನ್ನೆ ಬರೆಯುತ್ತೆ. 4 ಟಿಬಿಗೆ ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ ಏಳೂವರೆ ಗಂಟೆ ಹಿಡಿಯುತ್ತೆ, ಸ್ಲೀಪ್ ಆಫ್ ಮಾಡಿಡಿ. ಮುಗಿದ ಮೇಲೆ ಆ ನಾಲ್ಕೂ ಸಾಲು ಮತ್ತೆ ನೋಡಿ. ಒಂದೂ ಕದಲಿಲ್ಲ ಅಂದ್ರೆ ತುಂಬಿಸಿ. ಆ ಹಳೇ ಕೇಬಲನ್ನ ಕತ್ತರಿಸಿ ಬಿಸಾಕಿ, ಡ್ರಾಯರಲ್ಲಿ ಇಟ್ರೆ ಇನ್ಯಾವುದಕ್ಕೋ ಹಾಕ್ತೀರ.